ಕೋವಿಗೆ ಆಕ್ಷೇಪ, ಉರುಳಿಗೆ ಮೌನ

ನಮ್ಮ ಸದಸ್ಯರ ಮನೆಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಹೊಸ ವಾಗ್ವಾದ ಹುಟ್ಟಿಕೊಂಡಿದೆ. ಅಡಿಕೆ ಧಾರಣೆ, ಗೊಬ್ಬರದ ಬೆಲೆ, ಕೊಯ್ಲಿಗೆ ಆಳಿನ ಅಭಾವ, ಇವೆಲ್ಲ ಹಳೆಯ ಮಾತು. ಹೊಸ ಜಗಳ ನಡೆಯುತ್ತಿರುವುದು ಜಗಲಿಯ ಗೋಡೆಗೆ ತಗುಲಿಸಿದ ಕಡವೆ ಕೊಂಬಿನ ಕೆಳಗೆ.

ಬೆಳೆಗಾರರ ಮಕ್ಕಳಲ್ಲಿ ಅನೇಕರು ಈಗ ಬೆಂಗಳೂರಿನ ಉತ್ತರ ದಿಕ್ಕಿನಲ್ಲಿ, ಹೆಬ್ಬಾಳ, ಯಲಹಂಕ, ಜಕ್ಕೂರುಗಳ ಕಡೆ ಮನೆ ಮಾಡಿಕೊಂಡಿದ್ದಾರೆ. ಜಕ್ಕೂರು ಎಂದರೆ ಹಿಂದೆ ನಮ್ಮ ಕಡೆಯವರಿಗೆ ಗೊತ್ತಿದ್ದುದು 1948ರಲ್ಲಿ ಆದ ವಿಮಾನ ಶಾಲೆಯ ಬಯಲು ಮಾತ್ರ. ಈಗ ಅಲ್ಲಿನ ಕೆರೆಯ ಸುತ್ತ ಬಹುಮಹಡಿ ಮನೆಗಳು ಎದ್ದಿವೆ. ಕೆರೆಯನ್ನು ನಿವಾಸಿಗಳು ಮುತುವರ್ಜಿಯಿಂದ ನೋಡಿಕೊಳ್ಳುತ್ತಾರೆಂಬುದನ್ನು ಒಪ್ಪಬೇಕು. ಶುದ್ಧೀಕರಿಸಿದ ಕೊಳಚೆ ನೀರು ಜೌಗು ಗಿಡಗಳ ನಡುವೆ ಹಾಯ್ದು ಕೆರೆ ಸೇರುತ್ತದೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಬಂದಿಳಿಯುತ್ತವೆ. ಬೆಳಗಾದರೆ ಆ ಏರಿಯ ಮೇಲೆ ಹಕ್ಕಿ ನೋಡುತ್ತ ನಡೆಯುವ ಮಕ್ಕಳು ರಜಕ್ಕೆ ಊರಿಗೆ ಬಂದು ಗೋಡೆ ನೋಡಿ ಕೇಳುವ ಪ್ರಶ್ನೆ ಒಂದೇ: "ಯಾಕಜ್ಜಾ ಕೊಂದ್ರಿ ಇದನ್ನ?" ಅಜ್ಜಂದಿರ ಉತ್ತರವೂ ಬಹುಮಟ್ಟಿಗೆ ಒಂದೇ: "ನಿಮ್ಮ ಜಕ್ಕೂರಲ್ಲಿ ಕೋಳಿ ಅಂಗಡಿ ಇಲ್ವೇನೋ?"

ಈ ಉತ್ತರಕ್ಕೆ ಜಗಲಿಯಲ್ಲಿ ಕೂತವರೆಲ್ಲ ನಗುತ್ತಾರೆ. ಆದರೆ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಪ್ರಾಣಿಪ್ರಿಯರ ಆಕ್ಷೇಪದಲ್ಲಿ ಸರಿ ಎಷ್ಟು, ನಮ್ಮ ಕಡೆಯ ದೂರಿನಲ್ಲಿ ನಿಜ ಎಷ್ಟು ಎಂಬುದನ್ನು ಬೆಳೆಗಾರರ ಈ ಪತ್ರಿಕೆಯಲ್ಲೇ ಒಮ್ಮೆ ಬಿಚ್ಚಿ ನೋಡುವುದು ಒಳ್ಳೆಯದೆಂದು ನಾವು ಭಾವಿಸಿದ್ದೇವೆ.

ಕಾಫಿ ಸೀಮೆಯ ಚರಿತ್ರೆಯಲ್ಲಿ ತೋಟ ಮತ್ತು ಶಿಕಾರಿ ಜೊತೆಜೊತೆಯಾಗಿಯೇ ಬಂದಿವೆ. ಮಂಜರಾಬಾದಿನ ಪ್ಲಾಂಟರ್ ಆರ್. ಎಚ್. ಎಲಿಯಟ್ 1894ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರಿನಲ್ಲೇ ಚಿನ್ನ, ಬೇಟೆ, ಕಾಫಿ ಕೃಷಿ ಮೂರೂ ಒಟ್ಟಿಗಿವೆ. ದೊರೆಗಳು ಬರುವ ಮುಂಚೆಯೂ ಮಲೆನಾಡಿನಲ್ಲಿ ಬೇಟೆ ಇತ್ತು. ಕುವೆಂಪು ಅವರ 'ಮಲೆನಾಡಿನ ಚಿತ್ರಗಳು' ಓದಿದವರಿಗೆ ಹಳು ನುಗ್ಗುವುದು, ಬಿಲ್ಲಿಗೆ ಕೂರುವುದು ಎಂದರೇನೆಂದು ವಿವರಿಸಬೇಕಾಗಿಲ್ಲ. ಊರಿನ ಹತ್ತಾರು ಮನೆಯವರು ಸೇರುತ್ತಿದ್ದರು. ಹೊಡೆದವನಿಗೆ ಒಂದು ಹೆಚ್ಚಿನ ಪಾಲು, ಹಳು ನುಗ್ಗಿದವರಿಗೆ ಪಾಲು, ನಾಯಿ ತಂದವನಿಗೆ ಪಾಲು. ಕೇಪಿನ ಕೋವಿಗೆ ಮದ್ದು ತುಂಬಿ ಒಂದು ಈಡು ಹೊಡೆದ ಮೇಲೆ ಮತ್ತೆ ತುಂಬುವಷ್ಟರಲ್ಲಿ ಉಳಿದ ಮಿಗಗಳು ಎರಡು ಗುಡ್ಡ ದಾಟಿರುತ್ತಿದ್ದವು. ಆ ಕಾಲದ ಬೇಟೆಯಲ್ಲಿ ಕಾಡಿನ ಪ್ರಾಣಿಗೆ ಬಚಾವಾಗುವ ಅವಕಾಶ ಹೆಚ್ಚಿತ್ತು. ಅದಕ್ಕೆ ಬೇಟೆಗಾರನ ದಯೆಗಿಂತ ಅವನ ಕೋವಿಯ ನಿಧಾನವೇ ಮುಖ್ಯ ಕಾರಣ ಎಂಬುದು ಬೇರೆ ಮಾತು.

ಮೈಸೂರು ಸಂಸ್ಥಾನದಲ್ಲಿ 1901ರಲ್ಲೇ ಮೃಗ ಮತ್ತು ಮೀನು ಸಂರಕ್ಷಣೆಯ ರೆಗ್ಯುಲೇಷನ್ ಬಂದಿತ್ತು. ಕಟ್ಟಳೆ ಕಾಗದದಲ್ಲಿ ಇದ್ದಂತೆಯೇ ಎರಡನೆಯ ಮಹಾಯುದ್ಧ ಮುಗಿದು ಜೀಪುಗಳು ಬಂದವು. ಜೀಪಿನ ಹಿಂದೆ ಸರ್ಚ್‌ಲೈಟು ಬಂತು. ಕೋವಿಯ ನಳಿಗೆಗೆ ಐದು ಸೆಲ್ಲಿನ ಟಾರ್ಚು ಬಿಗಿದುಕೊಳ್ಳುವ ಪದ್ಧತಿ ಬಂತು. ಹಣೆಗೆ ಕಟ್ಟುವ ದೀಪ ಬಂತು. ಬೆಳಕು ಕಣ್ಣಿಗೆ ಬಿದ್ದ ಜಿಂಕೆ ಓಡದೆ ನಿಂತುಬಿಡುತ್ತದೆ. ರಸ್ತೆಯ ಮೇಲೆ ಜೀಪು ನಿಲ್ಲಿಸಿಕೊಂಡು, ಸೀಟಿನಿಂದ ಇಳಿಯದೆ, ಒಂದು ರಾತ್ರಿಗೆ ನಾಲ್ಕಾರು ಹೊಡೆದು ತಂದವರು ನಮ್ಮ ತಾಲ್ಲೂಕುಗಳಲ್ಲಿ ಅಪರೂಪವಾಗಿರಲಿಲ್ಲ. ಗಂಡೋ ಹೆಣ್ಣೋ, ಗಬ್ಬವೋ ಎಂದು ನೋಡುವ ಪ್ರಶ್ನೆಯೇ ಇರಲಿಲ್ಲ. ಕಾಣುತ್ತಿದ್ದುದು ಎರಡು ಹೊಳೆಯುವ ಕಣ್ಣು ಮಾತ್ರ. ಐವತ್ತು ಅರವತ್ತರ ದಶಕಗಳ ಈ ಜೀಪಿನ ಶಿಕಾರಿಯೇ ಬಯಲುಸೀಮೆಯಲ್ಲೂ ಮಲೆಯಲ್ಲೂ ಮಿಗಗಳನ್ನು ಬಹುತೇಕ ಬರಿದುಮಾಡಿತು. ಇದನ್ನು ಪೇಟೆಯ ಪ್ರಾಣಿದಯಾ ಸಂಘದವರಿಗಿಂತ ಮೊದಲು ಹೇಳಿದವರು ಹಳೆಯ ಬೇಟೆಗಾರರೇ. ಬೆಂಗಳೂರಿನ ಕೆನೆತ್ ಆಂಡರ್‌ಸನ್ ಕೊನೆಗಾಲದಲ್ಲಿ ಕೋವಿಗಿಂತ ಕ್ಯಾಮೆರಾ ಮೇಲೆಂದರು. ಅವರ ಕಥೆಗಳನ್ನು ಕನ್ನಡಕ್ಕೆ ತಂದ ಪೂರ್ಣಚಂದ್ರ ತೇಜಸ್ವಿಯವರು ನಮ್ಮಂತೆಯೇ ಕಾಫಿ ಬೆಳೆಗಾರರು. ಮೂಡಿಗೆರೆಯ ತೋಟದಲ್ಲಿ ಅವರೂ ಕೋವಿಯಿಂದ ಕ್ಯಾಮೆರಾಕ್ಕೆ ಬಂದವರೇ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ದಿನವೇ ಬೇಟೆ ಸಂಪೂರ್ಣ ನಿಂತಿತೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಆ ಕಾಯಿದೆಯಲ್ಲೂ ಕೆಲವು ಪ್ರಾಣಿಗಳ ಬೇಟೆಗೆ ಲೈಸೆನ್ಸು ಕೊಡುವ ಕಲಮುಗಳಿದ್ದವು. ಅವನ್ನು ತೆಗೆದುಹಾಕಿದ್ದು 1991ರ ತಿದ್ದುಪಡಿಯಲ್ಲಿ. ಅಂದಿನಿಂದ ವಿನೋದಕ್ಕಾಗಿ ಜಿಂಕೆ ಹೊಡೆಯಲು ಈ ದೇಶದಲ್ಲಿ ಯಾರಿಗೂ ಯಾವ ಪರವಾನಗಿಯೂ ಸಿಗುವುದಿಲ್ಲ. ಕೊಡಗಿನ ಕೆಲವು ಗೆಳೆಯರು ಕೋವಿ ವಿನಾಯಿತಿಯ ಮಾತೆತ್ತುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಆ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿದೆ, 2021ರಲ್ಲಿ ರಾಜ್ಯದ ಹೈಕೋರ್ಟೂ ಎತ್ತಿಹಿಡಿದಿದೆ. ಆದರೆ ಅದು ಕೋವಿ ಇಟ್ಟುಕೊಳ್ಳಲು ಲೈಸೆನ್ಸು ಬೇಡವೆಂಬ ವಿನಾಯಿತಿ ಅಷ್ಟೆ. ಬೇಟೆಗೆ ಅದರಿಂದ ಯಾವ ಅನುಮತಿಯೂ ಹುಟ್ಟುವುದಿಲ್ಲ.

ಈಗ ಆಕ್ಷೇಪದ ವಿಚಾರಕ್ಕೆ ಬರೋಣ. ಪ್ರಾಣಿಪ್ರಿಯರ ಮೊದಲ ಮಾತು ನೋವಿನದು. ಚರೆಯ ತೋಟೆ ಹೊಡೆದಾಗ ಮಿಗ ಬಿದ್ದಲ್ಲೇ ಸಾಯುವುದು ಎಲ್ಲ ಸಲವೂ ಇಲ್ಲ. ಹೊಟ್ಟೆಗೋ ತೊಡೆಗೋ ನಾಲ್ಕು ಚರೆ ತಾಗಿಸಿಕೊಂಡು ಹಳು ಸೇರಿ ಮೂರನೆಯ ದಿನ ಹದ್ದು ಸುತ್ತಿದ ಮೇಲೆ ಗೊತ್ತಾದ ಮಿಗಗಳು ಎಷ್ಟು ಎಂಬುದನ್ನು ಈಡು ಬಲ್ಲ ಹಿರಿಯರು ಪ್ರಾಮಾಣಿಕವಾಗಿ ಹೇಳಿದರೆ ಸಾಕು. ಈ ಆಕ್ಷೇಪಕ್ಕೆ ನಮ್ಮಲ್ಲಿ ಉತ್ತರವಿಲ್ಲ. ಕೋಳಿ ಅಂಗಡಿಯ ಮಾತು ಉತ್ತರವಾಗದು. ಒಂದು ಕಡೆಯ ತಪ್ಪಿನಿಂದ ಇನ್ನೊಂದು ಕಡೆಯದು ಸರಿಯಾಗುವುದಿಲ್ಲ.

ಎರಡನೆಯ ಮಾತನ್ನು ಅವರಲ್ಲಿ ಹೆಚ್ಚಿನವರು ಹೇಳುವುದಿಲ್ಲ, ಹೇಳಿದ್ದರೆ ಅವರ ವಾದಕ್ಕೆ ಇನ್ನೂ ಬಲ ಬರುತ್ತಿತ್ತು. ಅಮೆರಿಕ, ಯುರೋಪುಗಳಲ್ಲಿ ಜಿಂಕೆ ಬೇಟೆಗೆ ಋತುವೆಂಬುದಿದೆ. ಅಲ್ಲಿ ಮರಿಗಳು ಹುಟ್ಟುವುದು ವಸಂತದಿಂದ ಬೇಸಿಗೆಯೊಳಗೆ. ಬೇಟೆ ಬಿಡುವುದು ಶರತ್ಕಾಲದಲ್ಲಿ, ಮರಿ ಹಾಲು ಬಿಟ್ಟ ಮೇಲೆ. ನಮ್ಮ ದಕ್ಷಿಣದ ಚುಕ್ಕೆ ಜಿಂಕೆಗೆ ಅಂಥ ಕಟ್ಟುನಿಟ್ಟಿನ ಕಾಲವಿಲ್ಲ. ವರ್ಷದ ಯಾವ ತಿಂಗಳಲ್ಲಿ ನೋಡಿದರೂ ಹಿಂಡಿನಲ್ಲಿ ಮರಿ ಇರುತ್ತದೆ, ಗಬ್ಬದ ಹೆಣ್ಣೂ ಇರುತ್ತದೆ. ಸುಮಾರು ಏಳೆಂಟು ತಿಂಗಳು ಹೊತ್ತು ಸಾಮಾನ್ಯವಾಗಿ ಒಂದೇ ಮರಿ ಹಾಕುವ ಪ್ರಾಣಿ ಅದು. ಕಡವೆಯೂ ಒಂದೇ ಮರಿ, ಕಾಡುಕುರಿಯೂ ಒಂದೇ. ಹಂದಿಯಂತೆ ಹಿಂಡು ಮರಿ ಹಾಕಿ ನಷ್ಟ ತುಂಬಿಕೊಳ್ಳುವ ಜಾತಿಯಲ್ಲ. ಇಂಥ ದೇಶದಲ್ಲಿ ಬೇಟೆಗೆ ಸುರಕ್ಷಿತವಾದ ತಿಂಗಳು ಯಾವುದೆಂದು ಯಾರೂ ಹೇಳಲಾರರು.

ಮೂರನೆಯದು ನಮ್ಮ ಕೊಟ್ಟಿಗೆಗೆ ಸಂಬಂಧಿಸಿದ್ದು. ಹುಲಿಯೊಂದಕ್ಕೆ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿಗಳು ಆಹಾರಕ್ಕೆ ಬೇಕು, ಅಂದರೆ ವಾರಕ್ಕೊಂದು ಎಂದಿಟ್ಟುಕೊಳ್ಳಬಹುದು. ಚಿರತೆ, ಸೀಳುನಾಯಿಗಳ ಪಾಲು ಬೇರೆ. ನಾಗರಹೊಳೆಯಲ್ಲಿ 1980ರ ದಶಕದಿಂದ ಕೆಲಸ ಮಾಡಿದ ಉಲ್ಲಾಸ ಕಾರಂತರು ಹುಲಿ ಕಡಿಮೆಯಾಗಲು ಅದರ ಆಹಾರ ಕಡಿಮೆಯಾಗುವುದೇ ದೊಡ್ಡ ಕಾರಣವೆಂದು ತೋರಿಸಿದರು. ಮುಂದೆ ಅವರೂ ಎಂ. ಡಿ. ಮಧುಸೂದನರೂ ನಾಗರಹೊಳೆ, ಕುದುರೆಮುಖಗಳ ಕಡೆ ಸ್ಥಳೀಯ ಬೇಟೆಯನ್ನು ಪರಿಶೀಲಿಸಿ, ಕಾವಲು ಚೆನ್ನಾಗಿರುವ ಕಾಡಿಗೂ ಬೇಟೆ ನಡೆಯುವ ಕಾಡಿಗೂ ಇರುವ ಅಂತರವನ್ನು ಲೆಕ್ಕಹಾಕಿದರು. ಮರಗಳು ಎರಡು ಕಡೆಯೂ ನಿಂತಿದ್ದವು. ಬೇಟೆ ನಡೆಯುವ ಕಾಡಿನಲ್ಲಿ ಮಿಗಗಳು ಎದ್ದುಕಾಣುವಷ್ಟು ಕಡಿಮೆಯಿದ್ದವು. ಕಾಡಿನಲ್ಲಿ ಮಿಗ ಸಿಗದ ಚಿರತೆ ಎಲ್ಲಿಗೆ ಬರುತ್ತದೆಂದು ನಮ್ಮ ಸದಸ್ಯರಿಗೆ ಹೇಳಬೇಕಿಲ್ಲ. ಲೈನಿನ ಮನೆಯ ನಾಯಿ, ಹಿತ್ತಲಿನ ಕರು, ಕೆಲವು ಕಡೆ ಅದಕ್ಕಿಂತ ಹೆಚ್ಚಿನದೂ ಹೋಗಿದೆ. ಒಂದು ಜಿಂಕೆಯ ಮಾಂಸಕ್ಕೆ ಒಂದು ಹಾಲು ಕೊಡುವ ಹಸುವನ್ನು ಬದಲು ಕೊಡುವ ವ್ಯಾಪಾರ ಯಾವ ಬೆಳೆಗಾರನಿಗೂ ಗಿಟ್ಟುವುದಿಲ್ಲ. ಮೈಸೂರು ಸಂಸ್ಥಾನದಲ್ಲಿ ಆನೆ ಹಿಡಿಸುತ್ತಿದ್ದ ಸ್ಯಾಂಡರ್‌ಸನ್ ಸಾಹೇಬರು ಸ್ವತಃ ದೊಡ್ಡ ಬೇಟೆಗಾರರು; ಅವರೂ 1878ರಷ್ಟು ಹಿಂದೆಯೇ, ಪೈರು ತಿನ್ನುವ ಹಂದಿ ಜಿಂಕೆಗಳನ್ನು ಹತೋಟಿಯಲ್ಲಿಡುವ ಹುಲಿಯನ್ನು ನಿರ್ಮೂಲ ಮಾಡುವುದು ರೈತನಿಗೆ ಹಿತವಲ್ಲವೆಂಬ ಅಭಿಪ್ರಾಯ ಬರೆದಿಟ್ಟರು.

"ಹೊರದೇಶಗಳಲ್ಲಿ ಜಿಂಕೆ ಹೊಡೆಯಲು ಸರಕಾರವೇ ಹೇಳುತ್ತದಲ್ಲ" ಎಂದು ಕೇಳುವವರಿದ್ದಾರೆ. ನಿಜವೇ. ನಮ್ಮ ಚುಕ್ಕೆ ಜಿಂಕೆಯನ್ನೇ 1860ರ ದಶಕದಲ್ಲಿ ಹವಾಯಿ ದ್ವೀಪದ ರಾಜನಿಗೆ ಹಾಂಗ್‌ಕಾಂಗಿನಿಂದ ಉಡುಗೊರೆಯಾಗಿ ಕಳಿಸಿದರು. ಅಲ್ಲಿ ಅದು ಮೇವು, ಬೆಳೆ, ಕಾಡಿನ ಸಸಿ ಎಲ್ಲವನ್ನೂ ಬೋಳಿಸುವ ಪೀಡೆಯಾಗಿದೆ, ಹೊಡೆಯದೆ ಗತಿಯಿಲ್ಲ. ಅಂಡಮಾನಿಗೆ ಒಯ್ದು ಬಿಟ್ಟದ್ದೂ ಹಾಗೆಯೇ ಆಯಿತು. ಎರಡು ಕಡೆಯೂ ಹುಲಿಯಿಲ್ಲ, ಚಿರತೆಯಿಲ್ಲ, ಸೀಳುನಾಯಿಯಿಲ್ಲ. ಅಲ್ಲಿ ಕೋವಿ ಮಾಡುವ ಕೆಲಸವನ್ನು ಇಲ್ಲಿ ಮಾಡುವವರು ಕಾಡಿನಲ್ಲೇ ಇದ್ದಾರೆ, ಸಂಬಳವಿಲ್ಲದೆ.

ಇಷ್ಟರ ಮಟ್ಟಿಗೆ ನಾವು ಪ್ರಾಣಿಪ್ರಿಯರ ಪಕ್ಷವೇ. ಜಿಂಕೆ ಬೇಟೆ ಮತ್ತೆ ಬರಬಾರದು ಎಂಬುದರಲ್ಲಿ ನಮಗೆ ಎರಡನೆಯ ಅಭಿಪ್ರಾಯವಿಲ್ಲ. ನಮ್ಮ ಜಗಳ ಶುರುವಾಗುವುದು ಅವರ ಮಾತು ನಿಲ್ಲುವ ಜಾಗದಿಂದ.

ನಷ್ಟದ ಮಾತನ್ನು ಮೊದಲು ನೇರವಾಗಿ ಹೇಳಿಬಿಡೋಣ. ಬೆಳೆದ ಕಾಫಿ ಗಿಡಕ್ಕೆ ಜಿಂಕೆಯಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ. ಆನೆ, ಕಾಟಿ, ಮಂಗ, ಹಂದಿಗಳ ಮುಂದೆ ಜಿಂಕೆಯ ಲೆಕ್ಕ ಸಣ್ಣದು. ಆದರೆ ಹೊಸದಾಗಿ ನೆಟ್ಟ ಅಡಿಕೆ ಸಸಿಯ ಸುಳಿ, ಬಾಳೆಯ ಕಂದು, ತೋಟದ ಕೆಳಗಿನ ಗದ್ದೆಯ ಪೈರು, ಇವಕ್ಕೆ ಕಡವೆಯೂ ಜಿಂಕೆಯೂ ಬಾಯಿ ಹಾಕುತ್ತವೆ. ಐವತ್ತು ಎಕರೆಯವನಿಗೆ ಅದು ಗೊತ್ತೇ ಆಗದೆ ಹೋಗಬಹುದು. ಒಂದೆಕರೆಗೆ ಸಾಲ ತೆಗೆದು ಸಸಿ ನೆಟ್ಟವನಿಗೆ ಒಂದು ರಾತ್ರಿಯ ಮೇವು ಎರಡು ವರ್ಷದ ಕೆಲಸ.

ಬಯಲುಸೀಮೆಯ ರೈತರ ಪಾಡು ಇದಕ್ಕಿಂತ ಕಷ್ಟದ್ದು. ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಕ್ಕೆಂದು 1974ರಲ್ಲಿ 119 ಚದರ ಕಿಲೋಮೀಟರಿನ ಅಭಯಾರಣ್ಯ ಆಯಿತು. (ಕೃಷ್ಣಮೃಗ ಜಿಂಕೆಯ ಜಾತಿಯದಲ್ಲ. ಜಿಂಕೆಯ ಕೊಂಬು ವರ್ಷವರ್ಷ ಉದುರಿ ಹೊಸದು ಬರುತ್ತದೆ, ಇದರದು ಉದುರುವುದಿಲ್ಲ. ಆದರೂ ಆ ಕಡೆಯ ಜನ ಕರೆಯುವುದು ಜಿಂಕೆಯೆಂದೇ.) ಹುಲ್ಲು ಬಯಲಿನ ಈ ಪ್ರಾಣಿಯ ನೆಲದಲ್ಲಿ ನೀಲಗಿರಿ ಗಿಡ ನೆಟ್ಟರು. ನೀಲಗಿರಿಯ ಕೆಳಗೆ ಹುಲ್ಲೇನು ಬೆಳೆದೀತು? ಹಗಲೆಲ್ಲ ನೆರಳಿನಲ್ಲಿ ನಿಂತು ಹೊತ್ತಿಳಿದ ಮೇಲೆ ಸುತ್ತಲಿನ ಹೊಲಕ್ಕೆ ಇಳಿಯುವುದು ಅವುಗಳ ದಿನಚರಿಯಾಯಿತು. ಅಲ್ಲಿದ್ದ ಎರೆಬೂತ ಹಕ್ಕಿ ಕಣ್ಮರೆಯಾಯಿತು, ಕೃಷ್ಣಮೃಗ ಸಾವಿರಗಟ್ಟಲೆ ಆಯಿತು. ಕೃಷ್ಣಮೃಗ ಮೊದಲ ಅನುಸೂಚಿಯ ಪ್ರಾಣಿ. ಬೆಳೆ ತಿಂದಿತೆಂಬ ಕಾರಣಕ್ಕೆ ಅದನ್ನು ಕೊಲ್ಲಲು ಯಾವ ಅಧಿಕಾರಿಯೂ ಅನುಮತಿ ಕೊಡಲಾರ. ಅಭಯಾರಣ್ಯದ ಖ್ಯಾತಿ ರಾಜ್ಯಕ್ಕೆ ಬಂತು, ಮೇವಿನ ಖರ್ಚು ಮಾತ್ರ ಹೊಲದವನ ತಲೆಯ ಮೇಲೆ.

ಈ ಖರ್ಚಿಗೆ ಸರಕಾರ ಕೊಡುವ ಹಣಕ್ಕೆ ಅರಣ್ಯ ಇಲಾಖೆಯ ಕಾಗದದಲ್ಲಿ 'ದಯಾತ್ಮಕ ಧನ' ಎಂದು ಹೆಸರು. ಹೆಸರನ್ನೇ ನೋಡಿ. ಪರಿಹಾರವೆಂದರೆ ಕೇಳುವ ಹಕ್ಕುಂಟು. ದಯೆಯೆಂದರೆ ಕೊಟ್ಟಷ್ಟು ತೆಗೆದುಕೊಳ್ಳಬೇಕು. ಅರ್ಜಿ, ಪಹಣಿ, ಫೋಟೋ, ಮಹಜರು ಇಷ್ಟೂ ಆಗುವ ಹೊತ್ತಿಗೆ ಹತ್ತು ಸಸಿ ಕಳೆದುಕೊಂಡವನು ಕಚೇರಿಗೆ ತಿರುಗಿದ ಬಸ್ಸಿನ ಖರ್ಚು ಸಸಿಯ ಬೆಲೆಯನ್ನು ಮೀರಿರುತ್ತದೆ. ಆದ್ದರಿಂದ ಬಹಳ ಜನ ಅರ್ಜಿಯನ್ನೇ ಹಾಕುವುದಿಲ್ಲ. ಜಿಂಕೆಯ ಜೀವಕ್ಕಾಗಿ ಮೆರವಣಿಗೆ ಹೊರಡುವ ಪೇಟೆಯ ಸಂಘಗಳು ಈ ಅರ್ಜಿಯ ದಾರಿ ಸುಗಮವಾಗಲೆಂದು ಒಂದು ಮನವಿ ಕೊಟ್ಟದ್ದನ್ನು ನಾವು ಈವರೆಗೆ ಕಂಡಿಲ್ಲ.

2016ರಲ್ಲಿ ನಡೆದುದು ನೆನಪಿರಬಹುದು. ಬಿಹಾರದಲ್ಲಿ ನೀಲಗಾಯ್ ಮತ್ತು ಕಾಡುಹಂದಿ, ಉತ್ತರಾಖಂಡದಲ್ಲಿ ಕಾಡುಹಂದಿ, ಶಿಮ್ಲಾದಲ್ಲಿ ಮಂಗ ಇವನ್ನು ಕೇಂದ್ರ ಸರಕಾರ ಒಂದೊಂದು ವರ್ಷದ ಮಟ್ಟಿಗೆ ಪೀಡಕ ಪ್ರಾಣಿಗಳೆಂದು ಘೋಷಿಸಿತು. ಬಿಹಾರದ ಮೊಕಾಮಾದಲ್ಲಿ ಕೆಲವೇ ದಿನಗಳಲ್ಲಿ 200ಕ್ಕೂ ಹೆಚ್ಚು ನೀಲಗಾಯ್‌ಗಳನ್ನು ಹೊಡೆದರು. ಒಂದೇ ಸಂಪುಟದ ಇಬ್ಬರು ಸಚಿವರು, ಮೇನಕಾ ಗಾಂಧಿ ಮತ್ತು ಪ್ರಕಾಶ್ ಜಾವಡೇಕರ್, ಈ ಬಗ್ಗೆ ಬಹಿರಂಗವಾಗಿ ಜಗಳವಾಡಿದರು. ಪ್ರಾಣಿದಯಾ ಸಂಘಗಳು ಸುಪ್ರೀಂ ಕೋರ್ಟಿಗೆ ಹೋದವು. ಕೋರ್ಟು ತಡೆಯಾಜ್ಞೆ ಕೊಡಲಿಲ್ಲ. ನಮಗೆ ಆ ಇಡೀ ಪ್ರಕರಣದಲ್ಲಿ ಎದ್ದುಕಂಡದ್ದು, ಎರಡು ಕಡೆಯವರ ಬಾಯಲ್ಲೂ ಪೈರು ಕಳೆದುಕೊಂಡವನ ಖಾತೆಗೆ ಎಷ್ಟು ಹಣ, ಎಷ್ಟು ದಿನದೊಳಗೆ ಎಂಬ ಮಾತು ಹೆಚ್ಚು ಕೇಳಿಬರಲಿಲ್ಲವೆಂಬುದು.

ನಷ್ಟಕ್ಕೆ ಬೆಲೆಯಿಲ್ಲ, ಕೋವಿಗೆ ಅನುಮತಿಯಿಲ್ಲ ಎಂದಾಗ ಏನು ನಡೆಯುತ್ತದೆ? ಬೈಕಿನ ಕ್ಲಚ್ ಕೇಬಲ್ಲು ಬೇಲಿಯ ಕಂಡಿಗೆ ಬರುತ್ತದೆ.

ಇದನ್ನು ನಾವು ಬರೆಯಲೇಬೇಕಾಗಿದೆ. ಗುಜರಿಯಲ್ಲಿ ನಾಲ್ಕು ಕಾಸಿಗೆ ಸಿಗುವ ಹಳೆಯ ಕೇಬಲ್ಲಿನ ತುದಿಗೆ ಕುಣಿಕೆ ಮಾಡಿ, ಹಂದಿಯೋ ಜಿಂಕೆಯೋ ನುಸುಳುವ ಕಂಡಿಯಲ್ಲಿ ಗೂಟಕ್ಕೆ ಬಿಗಿದರೆ ಉರುಳಾಯಿತು. ಇದಕ್ಕೆ ಲೈಸೆನ್ಸಿಲ್ಲ, ಸದ್ದಿಲ್ಲ, ತೋಟೆಯ ಖರ್ಚಿಲ್ಲ. ಹಾಕಿದವನು ಹಾಸಿಗೆಯಲ್ಲಿ ಮಲಗಿರುತ್ತಾನೆ. ಕೋವಿ ಹಿಡಿದವನು ಕಡೇಪಕ್ಷ ಎದುರಿಗಿರುವುದು ಏನೆಂದು ನೋಡಿ ಹೊಡೆಯಬೇಕಿತ್ತು, ಉರುಳು ನೋಡುವುದಿಲ್ಲ. ಹಂದಿಗೆಂದು ಇಟ್ಟದ್ದಕ್ಕೆ ಗಬ್ಬದ ಜಿಂಕೆ ಬೀಳುತ್ತದೆ, ಪಕ್ಕದ ಮನೆಯ ನಾಯಿ ಬೀಳುತ್ತದೆ, ನಮ್ಮದೇ ಕರು ಬೀಳುತ್ತದೆ. ಚಿರತೆಗೆ ಬಿದ್ದರೆ ಅದು ಹೆಚ್ಚಾಗಿ ಸೊಂಟಕ್ಕೇ. ಎಳೆದಷ್ಟೂ ತಂತಿ ಬಿಗಿದು, ಬೆಳಗಾಗುವ ಹೊತ್ತಿಗೆ ಒಳಗಿನ ಅಂಗಗಳು ಜಜ್ಜಿಹೋಗಿರುತ್ತವೆ. ಅರಿವಳಿಕೆ ಕೊಟ್ಟು ಬಿಡಿಸಿದ ಎಷ್ಟೋ ಚಿರತೆಗಳು ಆಮೇಲೆ ಸತ್ತಿವೆ. ಕಾಫಿ ತೋಟಗಳ ಬೇಲಿಯಲ್ಲಿ ಹೀಗೆ ಹುಲಿಗಳೂ ಸತ್ತಿವೆ. ಇದರ ಜೊತೆಗಾರರು ಕಾಯಿ ಬಾಂಬು ಮತ್ತು ಬೇಲಿಗೆ ನೇರ ಬಿಡುವ ವಿದ್ಯುತ್ತು. ಅದರಲ್ಲಿ ಸತ್ತವರಲ್ಲಿ ಮನುಷ್ಯರೂ ಇದ್ದಾರೆ.

ಪೇಟೆಯ ಪ್ರಾಣಿಪ್ರಿಯರಿಗೆ ಕೋವಿಯ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಸತ್ತ ಮಿಗದ ಮೇಲೆ ಕಾಲಿಟ್ಟು ನಿಂತ ಶಿಕಾರಿಯ ಫೋಟೋ ಕಂಡರೆ ಕೋಪ ಬರುವುದು ಸಹಜ. ಉರುಳಿಗೆ ಫೋಟೋ ಇಲ್ಲ, ಕೊಂಬಿನ ಅಲಂಕಾರವೂ ಇಲ್ಲ. ಮೂವತ್ತು ವರ್ಷದ ಹಿಂದೆ ನಿಂತ ಶಿಕಾರಿಗೆ ಇಂದೂ ಶಾಪ ಹಾಕುತ್ತ, ನಿನ್ನೆ ರಾತ್ರಿ ಹಾಕಿದ ತಂತಿಯ ಬಗ್ಗೆ ಸುಮ್ಮನಿದ್ದರೆ ಜಿಂಕೆಗೇನು ಉಪಕಾರವಾಯಿತು? ಇದೇ ಪ್ರಶ್ನೆ ನಮ್ಮವರಿಗೂ ಇದೆ. ತಮ್ಮ ತೋಟದ ಬೇಲಿಯಲ್ಲಿ ಯಾರು ಏನು ಕಟ್ಟುತ್ತಾರೆಂಬುದು ಗೊತ್ತಿದ್ದೂ, "ಅದು ಆಳುಗಳ ವಿಚಾರ" ಎಂದು ಮುಖ ತಿರುಗಿಸುವ ಮಾಲೀಕರು ನಮ್ಮಲ್ಲಿದ್ದಾರೆ. ಕಾಯಿದೆಯ ವ್ಯಾಖ್ಯೆಯಲ್ಲಿ ಉರುಳು ಹಾಕುವುದೂ ಬೇಟೆ, ಹಾಕಲು ಯತ್ನಿಸುವುದೂ ಬೇಟೆಯೇ. 2022ರ ತಿದ್ದುಪಡಿಯ ನಂತರ ಸಾಮಾನ್ಯ ಅಪರಾಧಕ್ಕೆ ಮೂರು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮೊದಲ ಅನುಸೂಚಿಯ ಪ್ರಾಣಿಯಾದರೆ ಕಡಿಮೆಯೆಂದರೂ ಮೂರು ವರ್ಷ, ಏಳು ವರ್ಷದವರೆಗೂ ಆಗಬಹುದು. ಹಂದಿಗೆಂದು ಹಾಕಿದ ಉರುಳಿಗೆ ಚಿರತೆ ಬಿದ್ದರೆ ಮೊಕದ್ದಮೆ ಚಿರತೆಯದೇ.

ಕಾನೂನಿನ ದಾರಿ ಇಲ್ಲವೇ ಇಲ್ಲವೆಂದೂ ತಿಳಿಯಬಾರದು. ಕಾಯಿದೆಯ 11ನೆಯ ಕಲಮಿನ ಪ್ರಕಾರ, ಎರಡನೆಯ ಅನುಸೂಚಿಯ ಪ್ರಾಣಿಯೊಂದು ಮನುಷ್ಯನ ಜೀವಕ್ಕೋ ನಿಂತ ಬೆಳೆಗೋ ಅಪಾಯಕಾರಿಯಾಗಿದ್ದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು ಕಾರಣ ಬರೆದು ಆದೇಶ ಕೊಡಬಹುದು. ಪ್ರಾಣಿ ಯಾವ ಅನುಸೂಚಿಯಲ್ಲಿದೆಯೆಂದು ಮೊದಲೇ ನೋಡಿಕೊಳ್ಳಬೇಕು. ಹಾಗೆ ಕೊಂದ ಪ್ರಾಣಿಯೂ ಸರಕಾರದ ಸೊತ್ತು, ಮಾಂಸಕ್ಕೆ ಆಸೆಪಡುವಂತಿಲ್ಲ. ಮುಖ್ಯ ಪರಿಪಾಲಕರು ಕೂರುವುದು ಬೆಂಗಳೂರು ಮಲ್ಲೇಶ್ವರದ ಅರಣ್ಯ ಭವನದಲ್ಲಿ. ಹಂದಿ ಬರುವುದು ರಾತ್ರಿ ಎರಡು ಗಂಟೆಗೆ. ಈ ಅಧಿಕಾರವನ್ನು ವಲಯದ ಮಟ್ಟಕ್ಕೆ ಇಳಿಸಿ, ಹಂದಿಯಂಥ ಪ್ರಾಣಿಗೆ ಮಾತ್ರ, ಲೆಕ್ಕವಿಟ್ಟು ಉಪಯೋಗಿಸಿದರೆ ಉರುಳಿನ ಪಿಡುಗು ಅರ್ಧ ಇಳಿದೀತೆಂದು ನಮ್ಮ ಅಂದಾಜು. ಕೇರಳ 2022ರಲ್ಲಿ ಕಾಡುಹಂದಿಯ ವಿಷಯದಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಇಂಥ ಅಧಿಕಾರ ಕೊಟ್ಟಿತು. ಇದಕ್ಕೆ ಆಕ್ಷೇಪಿಸುವ ಪ್ರಾಣಿಪ್ರಿಯರು ಒಮ್ಮೆ ಉರುಳಿಗೆ ಬಿದ್ದ ಜಿಂಕೆಯನ್ನು ಬಂದು ನೋಡಲಿ. ಬೆಳೆ ರಕ್ಷಣೆಗೆಂದು ಲೈಸೆನ್ಸು ಪಡೆದ ಕೋವಿಯನ್ನು ಪ್ರತಿ ಚುನಾವಣೆಗೂ ಠಾಣೆಯಲ್ಲಿ ಠೇವಣಿ ಇಡಬೇಕಾಗುವ ಕಿರಿಕಿರಿ ಇನ್ನೊಂದು. ಮಂಗ ಹೆದರಿಸಲು ಗಾಳಿಗೆ ಒಂದು ಗುಂಡು ಹೊಡೆಯಲೂ ಆಗದ ಆ ಎರಡು ತಿಂಗಳ ಪಾಡು ಎಲ್ಲರಿಗೂ ಗೊತ್ತು.

ಗೋಡೆಯ ಕೊಂಬಿನ ಬಗ್ಗೆಯೂ ಒಂದು ಮಾತು. 2023ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಪದಕದ ಗಲಾಟೆಯಾದ ಮೇಲೆ ಹಲವು ಸದಸ್ಯರು ನಮ್ಮನ್ನು ವಿಚಾರಿಸಿದ್ದಾರೆ. ಅಜ್ಜನ ಕಾಲದ್ದೆಂದ ಮಾತ್ರಕ್ಕೆ ಕೊಂಬು ನಿಮ್ಮದಾಗುವುದಿಲ್ಲ. ಒಡೆತನದ ಪ್ರಮಾಣಪತ್ರ ಬೇಕು. ಕಾಡಿನಲ್ಲಿ ತಾನಾಗಿ ಉದುರಿದ ಕೊಂಬನ್ನು ಹೆಕ್ಕಿ ತಂದಿಟ್ಟುಕೊಂಡರೂ ತಪ್ಪೇ. ಕಾಗದ ಸಿಗದಿದ್ದವರು ವಕೀಲರನ್ನು ಕೇಳಿ ಮುಂದುವರಿಯುವುದು ಕ್ಷೇಮ.

ಈ ವರ್ಷ ಹೊಸದಾಗಿ ಅಡಿಕೆ ನೆಡುವವರು ಮೊದಲೆರಡು ವರ್ಷ ಸಸಿಯ ಸುತ್ತ ಹಳೆಯ ಸೀರೆಯನ್ನೋ ಬಲೆಯನ್ನೋ ಕಟ್ಟುವುದನ್ನು ತಪ್ಪಿಸಬಾರದು. ಸುಳಿ ಜಿಂಕೆಯ ಬಾಯಿಗೆ ಎಟುಕದಷ್ಟು ಎತ್ತರವಾದ ಮೇಲೆ ಚಿಂತೆಯಿಲ್ಲ. ಕೊಯ್ಲಿಗೆ ಮೊದಲು ಬೇಲಿಯ ಗಿಡ ಸವರುವಾಗ ಮಾಲೀಕರು ತಾವೇ ಒಮ್ಮೆ ಗಡಿಯ ಸುತ್ತ ನಡೆದು ಕಂಡಿಗಳನ್ನು ನೋಡಬೇಕೆಂದು ಕೋರುತ್ತೇವೆ. ತಂತಿ ಕಂಡರೆ ಕಿತ್ತು ವಲಯ ಕಚೇರಿಗೆ ಒಪ್ಪಿಸಿ. ಪ್ರಾಣಿ ಸಿಕ್ಕಿಕೊಂಡಿದ್ದರೆ ಹತ್ತಿರ ಹೋಗದೆ, ಜನ ಸೇರಲು ಬಿಡದೆ, ಅರಣ್ಯ ಇಲಾಖೆಯ 1926 ಸಂಖ್ಯೆಗೆ ಕೂಡಲೇ ತಿಳಿಸಿ. ಜಕ್ಕೂರಿನಿಂದ ಮೊಮ್ಮಕ್ಕಳು ಬಂದಿದ್ದರೆ ಗಡಿ ಸುತ್ತುವಾಗ ಅವರನ್ನೂ ಕರೆದುಕೊಂಡು ಹೋಗಿ. ಅವರ ಕಣ್ಣು ಚುರುಕು.